ಮೇಲ್ಮನವಿ ಬಾಕಿ ಇರುವಾಗ ಡಿಕ್ರಿ ಜಾರಿಗೆ ತಡೆ: ಅರ್ಜಿ ಯಾವ ಕೋರ್ಟಿಗೆ, ಯಾವಾಗ, ಹೇಗೆ

ದಾವೆಯಲ್ಲಿ ಸೋತವರು ಅಪೀಲು ಹಾಕಿದ ಕೂಡಲೇ ಡಿಕ್ರಿ (ತೀರ್ಪಿನಂತೆ ಯಾರಿಗೆ ಏನು ಸಲ್ಲಬೇಕೆಂದು ಹೇಳುವ ಕೋರ್ಟಿನ ಆದೇಶ) ತಾನಾಗಿಯೇ ನಿಂತುಹೋಗುತ್ತದೆ ಎಂದು ನಂಬಿದವರು ಇಂದಿಗೂ ಬಹಳ ಮಂದಿ. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ ಆದೇಶ 41 (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ಒಂದು ಅಧ್ಯಾಯ), ನಿಯಮ 5(1)ರ ಪ್ರಕಾರ ಮೇಲ್ಮನವಿ ಸಲ್ಲಿಸಿದ್ದಷ್ಟೇ ಕಾರಣಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ. ತಡೆ ಬೇಕಿದ್ದರೆ ಬೇರೆಯಾಗಿ ಕೇಳಿ ಪಡೆಯಬೇಕು. ಮೇಲ್ಮನವಿಗೆ ಇನ್ನೂ ದಿನಗಳು ಉಳಿದಿವೆ ಎಂಬುದೂ ರಕ್ಷಣೆಯಲ್ಲ. ಡಿಕ್ರಿ ಆಗಿ ಎರಡು ವರ್ಷದೊಳಗೆ ಅಮಲ್ಜಾರಿ ಅರ್ಜಿ ಬಂದರೆ ಆದೇಶ 21, ನಿಯಮ 22ರ ನೋಟಿಸ್ ಕೂಡ ಕಡ್ಡಾಯವಲ್ಲ. ಹಾಗಾಗಿ ಕೋರ್ಟಿನ ಜಾರಿ ಸಿಬ್ಬಂದಿಯಾದ ಅಮೀನ ಜಪ್ತಿ ವಾರಂಟ್ ಹಿಡಿದು ಬಾಗಿಲಿಗೆ ಬಂದಾಗಲೇ ವಿಷಯ ತಿಳಿಯುವ ಸಂದರ್ಭಗಳಿವೆ.

ಹಾಗಾದರೆ ತಡೆಯಾಜ್ಞೆಯನ್ನು ಯಾರ ಮುಂದೆ ಕೇಳಬೇಕು? ಡಿಕ್ರಿ ಕೊಟ್ಟ ಕೋರ್ಟ್, ಮೇಲ್ಮನವಿ ಕೋರ್ಟ್, ಅಮಲ್ಜಾರಿ ಮಾಡುತ್ತಿರುವ ಕೋರ್ಟ್: ಮೂರಕ್ಕೂ ಅಧಿಕಾರವಿದೆ, ಆದರೆ ಮೂರರ ವ್ಯಾಪ್ತಿಯೂ ಬೇರೆ, ಸಮಯವೂ ಬೇರೆ. ತಪ್ಪು ಬಾಗಿಲು ತಟ್ಟಿದರೆ ಅರ್ಜಿ ವಜಾ ಆಗುವುದು ಸಣ್ಣ ನಷ್ಟ. ಅಷ್ಟರಲ್ಲಿ ಕಳೆದುಹೋಗುವ ವಾರವೇ ದೊಡ್ಡ ನಷ್ಟ.

ಮೊದಲು ನಿಮ್ಮ ಪ್ರಕರಣ ಎಲ್ಲಿ ನಿಂತಿದೆ ನೋಡಿ

ಮೂರು ವಿಷಯ ಗೊತ್ತಿರಬೇಕು: ತೀರ್ಪಿನ ದಿನಾಂಕ, ಮೇಲ್ಮನವಿ ಸಲ್ಲಿಕೆಯಾಗಿದೆಯೇ ಇಲ್ಲವೇ, ಅಮಲ್ಜಾರಿ ಯಾವ ಹಂತಕ್ಕೆ ಬಂದಿದೆ. ಮೂರನೆಯದಕ್ಕೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಎದುರು ಪಕ್ಷಗಾರರ ಹೆಸರಿನಿಂದ ಹುಡುಕಿ, ಅಮಲ್ಜಾರಿ ಅರ್ಜಿ ದಾಖಲಾಗಿದ್ದರೆ ಅದರ ಸಂಖ್ಯೆ ಮತ್ತು ಮುಂದಿನ ದಿನಾಂಕ ಬರೆದಿಟ್ಟುಕೊಳ್ಳಿ.

ತೀರ್ಪು ಬಂದಿದೆ, ಮೇಲ್ಮನವಿಯ ಅವಧಿ ಮುಗಿದಿಲ್ಲ, ಮೇಲ್ಮನವಿ ಇನ್ನೂ ಸಲ್ಲಿಸಿಲ್ಲ ಎಂದಾದರೆ ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಕೇಳಬಹುದು. ನಿಯಮ 5(2) ಇರುವುದೇ ಇದಕ್ಕೆ. ಇದು ಮೇಲಿನ ಕೋರ್ಟ್ ತಲುಪುವವರೆಗಿನ ಉಸಿರಾಡುವ ಅವಕಾಶ ಮಾತ್ರ. ಕೆಲವು ವಾರಗಳಿಗೆ ಸೀಮಿತವಾಗಿ ಸಿಗುತ್ತದೆ. ತೀರ್ಪು ಓದಿದ ದಿನವೇ ಅಥವಾ ಮರುದಿನವೇ ಅರ್ಜಿ ಹಾಕುವುದು ಒಳ್ಳೆಯದು, ಏಕೆಂದರೆ ಪ್ರಕರಣದ ವಿವರ ನ್ಯಾಯಾಧೀಶರ ಮನಸ್ಸಿನಲ್ಲಿ ಹಸಿಯಾಗಿರುತ್ತದೆ, ಎದುರು ವಕೀಲರೂ ಅಲ್ಲೇ ಇರುತ್ತಾರೆ. ಅವಧಿ ಮುಗಿದ ಮೇಲೆ ನಿಯಮ 5(2)ರಡಿ ಹೋದರೆ ಆ ಕೋರ್ಟಿಗೆ ಅಧಿಕಾರವೇ ಉಳಿದಿರುವುದಿಲ್ಲ.

ಮೇಲ್ಮನವಿ ಸಲ್ಲಿಸಿದ್ದಾಗಿದೆ ಎಂದಾದರೆ ಮೇಲ್ಮನವಿ ಕೋರ್ಟೇ ಸರಿಯಾದ ಜಾಗ. ಆದೇಶ 41, ನಿಯಮ 5(1)ರಡಿ ಮಧ್ಯಂತರ ಅರ್ಜಿಯನ್ನು ಮೇಲ್ಮನವಿ ಮೆಮೊ ಜೊತೆಯಲ್ಲೇ ಕೊಡಬೇಕು. ಈ ಹಂತದಲ್ಲಿ ಕೆಳಗಿನ ಕೋರ್ಟಿಗೆ ಹೋಗಿ ‘ಅಪೀಲು ಹಾಕಿದ್ದೇವೆ, ತಡೆಯಿರಿ’ ಎಂದರೆ ‘ಅಲ್ಲಿಂದಲೇ ಆದೇಶ ತನ್ನಿ’ ಎಂಬ ಉತ್ತರ ಬರುತ್ತದೆ, ಅದು ಸರಿಯಾದ ಉತ್ತರವೇ.

ಸ್ಥಿರಾಸ್ತಿ ಹರಾಜಿಗೆ ಆದೇಶ ಆಗಿಬಿಟ್ಟಿದ್ದರೆ ಇನ್ನೊಂದು ದಾರಿ ಇದೆ, ವಕೀಲರೇ ಅನೇಕ ಬಾರಿ ಮರೆಯುವಂಥದ್ದು. ಆದೇಶ 41, ನಿಯಮ 6(2): ಡಿಕ್ರಿಯ ಅಮಲ್ಜಾರಿಯಲ್ಲಿ ಸ್ಥಿರಾಸ್ತಿ ಮಾರಾಟಕ್ಕೆ ಆದೇಶವಾಗಿದ್ದು, ಆ ಡಿಕ್ರಿಯ ಮೇಲೆ ಮೇಲ್ಮನವಿ ಬಾಕಿ ಇದ್ದರೆ, ಮಾರಾಟಕ್ಕೆ ಆದೇಶ ಕೊಟ್ಟ ಕೋರ್ಟಿಗೇ ತೀರ್ಪು ಋಣಿ (ಡಿಕ್ರಿ ಯಾರ ವಿರುದ್ಧ ಆಗಿದೆಯೋ ಅವರು) ಅರ್ಜಿ ಕೊಡಬಹುದು. ಇಲ್ಲಿನ ಭಾಷೆ ‘ತಡೆಯಬಹುದು’ ಎಂದಲ್ಲ, ‘ತಡೆಯತಕ್ಕದ್ದು’ ಎಂದಿದೆ. ಭದ್ರತೆ ಎಷ್ಟು, ಷರತ್ತು ಏನು ಎಂಬುದನ್ನು ಮಾತ್ರ ಆ ಕೋರ್ಟ್ ನಿರ್ಧರಿಸುತ್ತದೆ. ಹೈಕೋರ್ಟಿನಲ್ಲಿ ಮೇಲ್ಮನವಿ ನೋಂದಣಿಯಾಗಿದೆ, ತಡೆ ಅರ್ಜಿ ಇನ್ನೂ ಬೆಂಚ್ ಮುಂದೆ ಬಂದಿಲ್ಲ, ಹರಾಜು ಮುಂದಿನ ವಾರ ಎಂಬಂಥ ಇಕ್ಕಟ್ಟಿನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಇದು ಮಾರಾಟವನ್ನಷ್ಟೇ ನಿಲ್ಲಿಸುತ್ತದೆ. ಜಪ್ತಿ ಹಾಗೇ ಇರುತ್ತದೆ, ಬ್ಯಾಂಕ್ ಖಾತೆ ಅಥವಾ ಸಂಬಳದ ಮೇಲಿನ ಕ್ರಮಕ್ಕೂ ಇದು ಅನ್ವಯಿಸುವುದಿಲ್ಲ.

ಕೊನೆಯದು, ಡಿಕ್ರಿಯನ್ನು ಕಲಂ 39ರಡಿ ಬೇರೆ ಊರಿನ ಕೋರ್ಟಿಗೆ ವರ್ಗಾಯಿಸಿದ ಸಂದರ್ಭ. ಮೈಸೂರಿನ ಡಿಕ್ರಿ ಹುಬ್ಬಳ್ಳಿಯಲ್ಲಿ ಜಾರಿಯಾಗುತ್ತಿದೆ ಎಂದುಕೊಳ್ಳಿ. ಹುಬ್ಬಳ್ಳಿಯ ಕೋರ್ಟ್ ಆದೇಶ 21, ನಿಯಮ 26ರಡಿ ಸಾಕಷ್ಟು ಕಾರಣ ಕಂಡರೆ ಸ್ವಲ್ಪ ಕಾಲಾವಕಾಶ ಕೊಡಬಲ್ಲದು. ನೀವು ಮೈಸೂರಿನ ಕೋರ್ಟಿಗೋ ಮೇಲ್ಮನವಿ ಕೋರ್ಟಿಗೋ ಹೋಗಿ ಆದೇಶ ತರಲಿ ಎಂಬುದಷ್ಟೇ ಅದರ ಉದ್ದೇಶ. ಅದಕ್ಕೂ ಭದ್ರತೆ ಅಥವಾ ಷರತ್ತು ಇದ್ದೇ ಇರುತ್ತದೆ. ಮೇಲ್ಮನವಿ ಮುಗಿಯುವವರೆಗೆ ತಡೆ ಕೊಡಿ ಎಂದು ಅಲ್ಲಿ ಕೇಳಬೇಡಿ.

ಮೇಲ್ಮನವಿ ಕೋರ್ಟ್ ಯಾವುದು

ಕರ್ನಾಟಕದಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಡಿಕ್ರಿಯ ಮೇಲೆ ಮೊದಲ ಮೇಲ್ಮನವಿ ಹೋಗುವುದು ಹೈಕೋರ್ಟಿಗೆ. ಆರ್‌ಎಫ್‌ಎ (ರೆಗ್ಯುಲರ್ ಫಸ್ಟ್ ಅಪೀಲ್) ಎಂದು ನೋಂದಣಿಯಾಗುತ್ತದೆ. ಉಳಿದ ಜಿಲ್ಲೆಗಳಲ್ಲಿ ತೀರ್ಪು ಕೊಟ್ಟವರು ಸಿವಿಲ್ ನ್ಯಾಯಾಧೀಶರೋ ಹಿರಿಯ ಸಿವಿಲ್ ನ್ಯಾಯಾಧೀಶರೋ, ದಾವೆಯ ಮೌಲ್ಯ ಎಷ್ಟು ಎಂಬುದರ ಮೇಲೆ ಜಿಲ್ಲಾ ಹಂತದ ಕೋರ್ಟೋ ಹೈಕೋರ್ಟೋ ಎಂಬುದು ನಿರ್ಧಾರವಾಗುತ್ತದೆ. ಮೌಲ್ಯ ಎಂದರೆ ಆಸ್ತಿಯ ಇಂದಿನ ಬೆಲೆಯಲ್ಲ, ದಾವಾಪತ್ರದಲ್ಲಿ ನ್ಯಾಯವ್ಯಾಪ್ತಿಗಾಗಿ ಕಾಣಿಸಿದ ಮೌಲ್ಯ. ದಾವಾಪತ್ರದ ಆ ಪ್ಯಾರಾ ತೆಗೆದು ನೋಡಿ, ಅಂದಾಜು ಬೇಡ. ಹೈಕೋರ್ಟಿಗೆ ಹೋಗುವುದಾದರೆ ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಪೀಠ, ಕಲಬುರಗಿ ಪೀಠ, ಈ ಮೂರರಲ್ಲಿ ನಿಮ್ಮ ಜಿಲ್ಲೆ ಯಾವುದರ ವ್ಯಾಪ್ತಿಗೆ ಬರುತ್ತದೋ ಅಲ್ಲಿ.

ಅವಧಿ: ಕಾಲಮಿತಿ ಅಧಿನಿಯಮ 1963ರ ಅನುಚ್ಛೇದ 116ರ ಪ್ರಕಾರ ಹೈಕೋರ್ಟಿಗೆ 90 ದಿನ, ಬೇರೆ ಕೋರ್ಟಿಗೆ 30 ದಿನ. ವಾಣಿಜ್ಯ ನ್ಯಾಯಾಲಯದ ತೀರ್ಪಾದರೆ 60 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಕಲಂ 12 ಕಳೆಯುತ್ತದೆ, ಆದರೆ ನಕಲಿಗೆ ಅರ್ಜಿ ಹಾಕಿದ ದಿನದಿಂದ ಮಾತ್ರ. ಹಾಗಾಗಿ ತೀರ್ಪಿನ ದಿನವೇ ನಕಲಿಗೆ ಅರ್ಜಿ ಹಾಕಿ.

ವಿಳಂಬವಾದರೆ ತಡೆಗೂ ತಡೆ

ಅವಧಿ ಮೀರಿ ಮೇಲ್ಮನವಿ ಹಾಕುವವರಿಗೆ ಕಾದಿರುವ ಬಲೆ ಆದೇಶ 41, ನಿಯಮ 3ಎ. ವಿಳಂಬ ಮನ್ನಾ ಅರ್ಜಿ ಜೊತೆಗಿದ್ದರೆ, ನಿಯಮ 11ರಡಿ ಆರಂಭಿಕ ವಾದ ಆಲಿಸಿ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ಕೋರ್ಟ್ ನಿರ್ಧರಿಸುವವರೆಗೂ ಡಿಕ್ರಿ ಜಾರಿಗೆ ತಡೆ ಕೊಡುವಂತಿಲ್ಲ. ವಿಳಂಬ ಮನ್ನಾಕ್ಕೆ ಎದುರುದಾರರಿಗೆ ನೋಟಿಸ್ ಹೋಗಬೇಕು, ಅವರು ಆಕ್ಷೇಪಣೆ ಸಲ್ಲಿಸಬೇಕು, ವಾದವಾಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಒಂದೇ ದಿನದ ವಿಳಂಬಕ್ಕೂ ಇದೇ ನಿಯಮ.

ಆದ್ದರಿಂದ ಡಿಕ್ರಿಯ ನಕಲು ಸಿದ್ಧವಾಗಿಲ್ಲ ಎಂದು ಕಾಯುತ್ತ ಕೂರಬೇಡಿ. ಆದೇಶ 20, ನಿಯಮ 6ಎ ಪ್ರಕಾರ ಡಿಕ್ರಿಯ ಪ್ರತಿ ಇಲ್ಲದೆಯೂ, ಕೋರ್ಟ್ ಕೊಟ್ಟ ತೀರ್ಪಿನ ಪ್ರತಿಯ ಮೇಲೇ ಮೇಲ್ಮನವಿ ಸಲ್ಲಿಸಬಹುದು. ವಿಳಂಬ ಆಗಿಯೇ ಹೋಗಿದ್ದರೆ ತಡೆ ಅರ್ಜಿಯ ಬೆನ್ನು ಹತ್ತುವ ಬದಲು ವಿಳಂಬ ಅರ್ಜಿಯನ್ನು ಬೇಗ ವಿಚಾರಣೆಗೆ ತರಿಸಲು ಎಲ್ಲ ಶಕ್ತಿ ಹಾಕಿ. ನೋಟಿಸ್ ಪ್ರಕ್ರಿಯಾ ಶುಲ್ಕವನ್ನು ಅದೇ ದಿನ ಕಟ್ಟಿ, ಎದುರು ವಕೀಲರಿಗೆ ಪ್ರತಿ ನೇರವಾಗಿ ಮುಟ್ಟಿಸಿ, ಆದಷ್ಟು ಹತ್ತಿರದ ದಿನಾಂಕ ಕೇಳಿ.

ಅರ್ಜಿಯಲ್ಲಿ ಏನಿರಬೇಕು

ನಿಯಮ 5(3) ಮೂರು ವಿಷಯ ಬೇಡುತ್ತದೆ. ತಡೆ ಸಿಗದಿದ್ದರೆ ಅರ್ಜಿದಾರರಿಗೆ ಗಣನೀಯ ನಷ್ಟವಾಗಬಹುದು, ಅರ್ಜಿಯನ್ನು ಅಕಾರಣ ವಿಳಂಬವಿಲ್ಲದೆ ಹಾಕಲಾಗಿದೆ, ಕೊನೆಗೆ ಬದ್ಧವಾಗುವ ಡಿಕ್ರಿಯನ್ನು ಪಾಲಿಸಲು ಭದ್ರತೆ ಕೊಡಲಾಗಿದೆ. ಡಿಕ್ರಿ ಕೊಟ್ಟ ಕೋರ್ಟಿನಲ್ಲಿ ನಿಯಮ 5(2)ರಡಿ ಕೇಳಿದರೂ ಈ ಮೂರೂ ಬೇಕು.

ಹೆಚ್ಚು ಅರ್ಜಿಗಳು ಮುಗ್ಗರಿಸುವುದು ಮೊದಲನೆಯದರಲ್ಲಿ. ‘ಡಿಕ್ರಿ ಜಾರಿಯಾದರೆ ತುಂಬಲಾರದ ನಷ್ಟವಾಗುತ್ತದೆ’ ಎಂಬ ಸಿದ್ಧ ವಾಕ್ಯದಿಂದ ಏನೂ ಆಗದು. ಡಿಕ್ರಿ ಜಾರಿಯಾದರೆ ಸೋತವರಿಗೆ ನಷ್ಟ ಇದ್ದೇ ಇರುತ್ತದೆ. ಅದಕ್ಕಿಂತ ಹೆಚ್ಚಿನದು ಏನು ಎಂಬುದನ್ನು ಪ್ರಮಾಣಪತ್ರದಲ್ಲಿ ವಿವರವಾಗಿ ಬರೆಯಬೇಕು. ಮನೆ ಕೆಡವಲು ಆದೇಶವಿದೆಯೇ? ಕೆಡವಿದರೆ ಮೇಲ್ಮನವಿ ಗೆದ್ದರೂ ಮನೆ ಮರಳಿ ಬಾರದು. ಸ್ವಾಧೀನ ಹೋದರೆ ಎದುರುದಾರರು ಮೂರನೆಯವರಿಗೆ ಮಾರುವ ಸಾಧ್ಯತೆ ಇದೆಯೇ, ಅದಕ್ಕೆ ಆಧಾರವೇನು? ಹಣದ ಡಿಕ್ರಿಯಾದರೆ, ಕಟ್ಟಿದ ಹಣವನ್ನು ಮುಂದೆ ಕಲಂ 144ರಡಿ ವಾಪಸು ಪಡೆಯುವುದು ಏಕೆ ಕಷ್ಟ? ಇಂಥ ಸಂಗತಿಗಳು ಬೇಕು, ಅವಕ್ಕೆ ದಾಖಲೆ ಬೇಕು.

ಜೊತೆಗೆ ಪ್ರಮಾಣಪತ್ರದಲ್ಲಿ ದಾವೆಯ ಸಂಖ್ಯೆ, ತೀರ್ಪಿನ ದಿನಾಂಕ, ಅಮಲ್ಜಾರಿ ಅರ್ಜಿಯ ಸಂಖ್ಯೆ, ಅದರ ಹಂತ, ಮುಂದಿನ ದಿನಾಂಕ ಇರಲಿ. ಅಮಲ್ಜಾರಿ ಅರ್ಜಿಯ ಪ್ರತಿ ಮತ್ತು ಆದೇಶ ಹಾಳೆಯ ಪ್ರತಿಯನ್ನು ಲಗತ್ತಿಸಿ. ಡಿಕ್ರಿ ಕೊಟ್ಟ ಕೋರ್ಟಿನಲ್ಲಿ ತಡೆ ಕೇಳಿ ನಿರಾಕರಣೆಯಾಗಿದ್ದರೆ ಅದನ್ನು ಮುಚ್ಚಿಡಬೇಡಿ. ಎದುರುದಾರರು ಮೊದಲ ದಿನವೇ ಅದನ್ನು ಎತ್ತಿ ತೋರಿಸುತ್ತಾರೆ, ಆಮೇಲೆ ನಿಮ್ಮ ಯಾವ ಮಾತಿಗೂ ತೂಕ ಉಳಿಯುವುದಿಲ್ಲ.

ಏನನ್ನು ತಡೆಯಬೇಕು ಎಂದು ಬರೆಯುವಲ್ಲೂ ಎಚ್ಚರ ಬೇಕು. ಪಾಲುವಿಭಾಗದ ಪ್ರಾಥಮಿಕ ಡಿಕ್ರಿಯಲ್ಲಿ (ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುವಂಥದ್ದು) ಮುಂದಿನ ಹೆಜ್ಜೆ ಅಮಲ್ಜಾರಿಯಲ್ಲ, ಅಂತಿಮ ಡಿಕ್ರಿಯ ಪ್ರಕ್ರಿಯೆ, ನಮ್ಮ ಕೋರ್ಟುಗಳ ಮಾತಿನಲ್ಲಿ ಎಫ್‌ಡಿಪಿ. ಅಲ್ಲಿ ‘ಅಮಲ್ಜಾರಿ ತಡೆಯಿರಿ’ ಎಂದು ಬರೆದು ಆದೇಶ ಪಡೆದರೆ ಎಫ್‌ಡಿಪಿ ಸಲೀಸಾಗಿ ಮುಂದುವರಿಯುತ್ತದೆ, ಕಮಿಷನರ್ ಬಂದು ಜಮೀನು ಅಳೆಯುತ್ತಾರೆ. ನಿಯಮ 5(1) ‘ಡಿಕ್ರಿಯ ಅಡಿಯ ಕಾರ್ಯಕಲಾಪ’ಗಳನ್ನೂ ಒಳಗೊಳ್ಳುತ್ತದೆ, ಎಫ್‌ಡಿಪಿ ಸಂಖ್ಯೆ ನಮೂದಿಸಿ ಅದನ್ನೇ ತಡೆಯಲು ಕೇಳಿ. ಕೋರ್ಟ್ ಕೆಲವೊಮ್ಮೆ ಎಫ್‌ಡಿಪಿ ನಡೆಯಲಿ, ಅಂತಿಮ ಡಿಕ್ರಿ ಮಾತ್ರ ಬರೆಯಬೇಡಿ ಎಂಬ ನಡುವಿನ ದಾರಿ ಹಿಡಿಯುವುದೂ ಉಂಟು. ಹಕ್ಕು ಘೋಷಣೆಯಷ್ಟೇ ಇರುವ ಡಿಕ್ರಿಯಲ್ಲಿ ಜಾರಿ ಮಾಡಲು ಏನೂ ಇರುವುದಿಲ್ಲ. ಖಾತೆ ಬದಲಾವಣೆಯ ಭಯವಿದ್ದರೆ ಡಿಕ್ರಿಯ ಕಾರ್ಯಾಚರಣೆಗೆ ತಡೆ, ಅಥವಾ ಆಸ್ತಿ ಪರಭಾರೆ ಮಾಡದಂತೆ ಪ್ರತ್ಯೇಕ ಪ್ರತಿಬಂಧಕಾಜ್ಞೆ ಕೇಳಬೇಕು. ಕಾರ್ಯಾಚರಣೆಗೆ ತಡೆ ಸಿಕ್ಕಿತೆಂದರೆ ತೀರ್ಪು ಅಳಿಸಿಹೋಯಿತೆಂದಲ್ಲ, ತಡೆಯ ದಿನದಿಂದ ಅದು ಕೆಲಸ ಮಾಡುವುದಿಲ್ಲ ಅಷ್ಟೇ. ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ.

ಹಣದ ಡಿಕ್ರಿ: ಠೇವಣಿ ಇಲ್ಲದೆ ತಡೆ ಕಷ್ಟ

ಆದೇಶ 41, ನಿಯಮ 1(3): ಹಣ ಪಾವತಿಯ ಡಿಕ್ರಿಯ ಮೇಲೆ ಅಪೀಲು ಹೋದವರು ಕೋರ್ಟ್ ಕೊಟ್ಟ ಸಮಯದೊಳಗೆ ವಿವಾದಿತ ಮೊತ್ತವನ್ನು ಠೇವಣಿ ಇಡಬೇಕು ಅಥವಾ ಭದ್ರತೆ ಕೊಡಬೇಕು. ಕೊಡದಿದ್ದರೆ ನಿಯಮ 5(5)ರ ಪ್ರಕಾರ ತಡೆ ಇಲ್ಲ. ಮೇಲ್ಮನವಿ ಇದರಿಂದ ವಜಾ ಆಗುವುದಿಲ್ಲ, ತಡೆಯಷ್ಟೇ ತಪ್ಪುತ್ತದೆ. ಸಿಹೋರ್ ನಗರಪಾಲಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದ ಮಾತೂ ಇದೇ ದಿಕ್ಕಿನದು: ಹಣ ಕಟ್ಟಿದರೆ ಮುಂದೆ ಹಿಂಪಡೆಯಬಹುದು, ಹಾಗಾಗಿ ಹಣದ ಡಿಕ್ರಿಗೆ ಸಾಮಾನ್ಯವಾಗಿ ತಡೆ ಕೊಡುವುದಿಲ್ಲ, ಆದರೂ ವಿವೇಚನೆ ಕೋರ್ಟಿಗೆ ಇದ್ದೇ ಇದೆ.

ಎಷ್ಟು ಶೇಕಡಾ ಎಂಬುದಕ್ಕೆ ಸಂಹಿತೆಯಲ್ಲಿ ಲೆಕ್ಕವಿಲ್ಲ. ಅರ್ಧ ಹಣ ಠೇವಣಿ, ಉಳಿದದ್ದಕ್ಕೆ ಭದ್ರತೆ ಎಂಬಂಥ ಆದೇಶಗಳು ಸಾಮಾನ್ಯ. ವಾದಕ್ಕೆ ನಿಲ್ಲುವ ಮೊದಲೇ ನಿಮ್ಮ ಕೈಲಾಗುವುದು ಎಷ್ಟು ಎಂದು ನಿರ್ಧರಿಸಿ, ನೀವೇ ಮುಂದಾಗಿ ಅದನ್ನು ಹೇಳಿ. ‘ನೂರು ರೂಪಾಯಿಯೂ ಆಗದು’ ಎಂದು ನಿಂತವರಿಗಿಂತ ‘ಇಷ್ಟು ಈ ದಿನ, ಉಳಿದದ್ದಕ್ಕೆ ಬ್ಯಾಂಕ್ ಗ್ಯಾರಂಟಿ’ ಎಂದವರಿಗೆ ಒಳ್ಳೆಯ ಆದೇಶ ಸಿಗುತ್ತದೆ. ಭದ್ರತೆಗೆ ಆಸ್ತಿ ತೋರಿಸುವುದಾದರೆ ಋಣಭಾರ ಪ್ರಮಾಣಪತ್ರ, ಪಹಣಿ ಅಥವಾ ಖಾತಾ ಪತ್ರ, ಮೌಲ್ಯದ ದಾಖಲೆ ಸಿದ್ಧವಿರಲಿ. ಜಾಮೀನುದಾರರನ್ನು ನಿಲ್ಲಿಸುವುದಾದರೆ ಅವರ ಆಸ್ತಿಪಾಸ್ತಿಯ ದಾಖಲೆ. ಈಗಾಗಲೇ ಬ್ಯಾಂಕಿಗೆ ಅಡವಿಟ್ಟ ಆಸ್ತಿಯನ್ನು ಭದ್ರತೆಯಾಗಿ ಕೊಡಲು ಹೋದರೆ ಕೋರ್ಟ್ ಒಪ್ಪುವುದಿಲ್ಲ. ಠೇವಣಿ ಹಣವನ್ನು ಡಿಕ್ರಿದಾರರು ತೆಗೆದುಕೊಳ್ಳಬಹುದೇ ಎಂಬುದನ್ನೂ ಅಲ್ಲೇ ಇತ್ಯರ್ಥ ಮಾಡಿಸಿ. ಅವರು ತೆಗೆಯುವುದಾದರೆ ಅವರಿಂದ ಭದ್ರತೆ ಕೇಳಿ, ಇಲ್ಲವಾದರೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಬಡ್ಡಿ ಬರುವ ಠೇವಣಿಯಲ್ಲಿಡಲು ಕೋರಿ.

ಬಾಡಿಗೆ ಜಾಗದಿಂದ ತೆರವಿನ ಡಿಕ್ರಿಗೂ ಷರತ್ತು ಬರುತ್ತದೆ. ಆತ್ಮಾ ರಾಮ್ ಪ್ರಾಪರ್ಟೀಸ್ ಪ್ರಕರಣದ (2004) ನಂತರ, ತಡೆ ಪಡೆದ ಬಾಡಿಗೆದಾರರು ಡಿಕ್ರಿಯ ದಿನದಿಂದ ಹಳೆಯ ಬಾಡಿಗೆಯನ್ನಲ್ಲ, ಆ ಜಾಗಕ್ಕೆ ಮಾರುಕಟ್ಟೆಯಲ್ಲಿ ಬರಬಹುದಾದ ಮೊತ್ತವನ್ನು ಕಟ್ಟುವಂತೆ ಕೋರ್ಟ್ ಹೇಳಬಹುದು. ಸುತ್ತಮುತ್ತಲಿನ ಬಾಡಿಗೆ ಕರಾರುಗಳ ಪ್ರತಿಗಳನ್ನು ಎರಡೂ ಕಡೆಯವರು ತರುವುದು ಈ ಕಾರಣಕ್ಕೇ.

ಸರ್ಕಾರ ಮೇಲ್ಮನವಿದಾರನಾದರೆ ಆದೇಶ 27, ನಿಯಮ 8ಎ ಭದ್ರತೆಯಿಂದ ವಿನಾಯಿತಿ ಕೊಡುತ್ತದೆ.

ಮೊದಲ ದಿನ: ಕೇವಿಯಟ್ ಮತ್ತು ತುರ್ತು

ಅರ್ಜಿ ಹಾಕುವ ಮೊದಲು ಕೇವಿಯಟ್ (ತಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಇದೆಯೇ ನೋಡಿ. ಗೆದ್ದವರು ಕಲಂ 148ಎ ಅಡಿ ಹಾಕಿರುವ ಸಾಧ್ಯತೆ ಹೆಚ್ಚು. ಅದರ ಆಯುಷ್ಯ 90 ದಿನ. ಕೇವಿಯಟ್ ಇದ್ದರೆ ಅವರಿಗೆ ಪ್ರತಿ ಮುಟ್ಟಿಸಿದ ದಾಖಲೆ ಇಲ್ಲದೆ ಕಚೇರಿ ಆಕ್ಷೇಪಣೆ ಏಳುತ್ತದೆ. ಇಲ್ಲದಿದ್ದರೆ ನಿಯಮ 5(4)ರಡಿ ಎದುರುದಾರರನ್ನು ಕೇಳದೆಯೇ ತಾತ್ಕಾಲಿಕ ತಡೆ ಕೊಡಲು ಕೋರ್ಟಿಗೆ ಅವಕಾಶವಿದೆ. ಆಗಲೂ ತುರ್ತು ಏನು ಎಂಬುದಕ್ಕೆ ದಿನಾಂಕ ಬೇಕು: ವಾರಂಟ್ ಯಾವ ದಿನ ಹೊರಟಿತು, ಹರಾಜು ಯಾವ ದಿನ. ಹೈಕೋರ್ಟಿನಲ್ಲಿ ಕಚೇರಿ ಆಕ್ಷೇಪಣೆಗಳನ್ನು ಸರಿಪಡಿಸದೆ ಫೈಲು ಬೆಂಚಿಗೆ ಬರುವುದಿಲ್ಲ. ಓದಲಾಗದ ಪ್ರತಿ, ಕನ್ನಡ ದಾಖಲೆಗೆ ಅನುವಾದವಿಲ್ಲದಿರುವುದು, ಕೋರ್ಟ್ ಶುಲ್ಕದ ಕೊರತೆ, ಇವೇ ಸಾಮಾನ್ಯ ಆಕ್ಷೇಪಣೆಗಳು. ಅವನ್ನು ನಿವಾರಿಸಿ, ಬೇಗ ವಿಚಾರಣೆ ಪಟ್ಟಿಗೆ ಸೇರಿಸಲು ಕೋರುವ ತುರ್ತು ಪೋಸ್ಟಿಂಗ್ ಮೆಮೊ ಕೊಡಿ.

ಆದೇಶ ಸಿಕ್ಕಿದ ಮೇಲಿನ ಮೊದಲ ಗಂಟೆಗಳು

ತಡೆ ಸಿಕ್ಕಿತೆಂದು ಮನೆಗೆ ಹೋಗಿ ಮಲಗಿದವರ ಆಸ್ತಿ ಹರಾಜಾಗಿದ್ದುಂಟು. ನಿಯಮ 5(1)ರ ವಿವರಣೆಯ ಪ್ರಕಾರ ತಡೆಯಾಜ್ಞೆ ಪರಿಣಾಮಕಾರಿಯಾಗುವುದು ಅದು ಮೂಲ ಕೋರ್ಟಿಗೆ, ಅಂದರೆ ದಾವೆಯನ್ನು ಮೊದಲು ತೀರ್ಮಾನಿಸಿದ ಕೋರ್ಟಿಗೆ, ತಲುಪಿದ ದಿನದಿಂದ. ಮುಲ್‌ರಾಜ್ ಪ್ರಕರಣದಲ್ಲಿ 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದೂ ಹೀಗೆಯೇ: ಆದೇಶದ ಅರಿವಿಲ್ಲದೆ ಅಮಲ್ಜಾರಿ ಕೋರ್ಟ್ ಮುಂದುವರಿದಿದ್ದರೆ ಅಲ್ಲಿಯವರೆಗೆ ಆದದ್ದು ತಾನಾಗಿ ಶೂನ್ಯವಾಗುವುದಿಲ್ಲ.

ಆದೇಶದ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಹಾಕಿ. ಅದು ಕೈಗೆ ಬರುವ ಮೊದಲೇ, ತಡೆಯಾಜ್ಞೆ ಆಗಿದೆ ಎಂದು ಮೇಲ್ಮನವಿದಾರರು ಸ್ವಂತ ತಿಳಿವಳಿಕೆಯ ಆಧಾರದ ಮೇಲೆ ಪ್ರಮಾಣಪತ್ರ ಮಾಡಿ ಕೊಟ್ಟರೆ ಮೂಲ ಕೋರ್ಟ್ ಅದರ ಮೇಲೆ ನಡೆಯಬೇಕು ಎಂದು ಅದೇ ವಿವರಣೆ ಹೇಳುತ್ತದೆ. ಸ್ವಂತ ತಿಳಿವಳಿಕೆ ಎಂಬ ಮಾತು ಮುಖ್ಯ: ಆದೇಶ ಹೊರಬಿದ್ದಾಗ ಕಕ್ಷಿದಾರರು ಕೋರ್ಟಿನಲ್ಲೇ ಇದ್ದರೆ ಒಳ್ಳೆಯದು. ಜಾಲತಾಣದಲ್ಲಿ ಬಂದ ಆದೇಶದ ಮುದ್ರಿತ ಪ್ರತಿಯನ್ನೂ ಲಗತ್ತಿಸಿ. ಡಿಕ್ರಿ ವರ್ಗಾವಣೆಯಾಗಿದ್ದರೆ ಡಿಕ್ರಿ ಕೊಟ್ಟ ಕೋರ್ಟಿಗೂ ಅಮಲ್ಜಾರಿ ಕೋರ್ಟಿಗೂ ಎರಡು ಕಡೆ ಸಲ್ಲಿಸಿ. ಎದುರು ವಕೀಲರಿಗೆ ಲಿಖಿತವಾಗಿ ತಿಳಿಸಿ.

ಷರತ್ತಿನ ಗಡುವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ‘ಎಂಟು ವಾರದೊಳಗೆ ಠೇವಣಿ ಇಡಬೇಕು, ತಪ್ಪಿದರೆ ತಡೆ ತೆರವಾಗುತ್ತದೆ’ ಎಂದು ಆದೇಶದಲ್ಲಿದ್ದರೆ ಅದನ್ನು ತೆರವು ಮಾಡಲು ಮತ್ತೆ ಯಾರೂ ಅರ್ಜಿ ಹಾಕಬೇಕಿಲ್ಲ. ಸಮಯ ಸಾಲದಿದ್ದರೆ ಗಡುವಿಗೆ ಮೊದಲೇ ವಿಸ್ತರಣೆ ಕೇಳಿ. ಇನ್ನು, ಆರು ತಿಂಗಳಾದರೆ ತಡೆ ತಾನಾಗಿ ಹೋಗುತ್ತದೆ ಎಂಬ 2018ರ ನಿಲುವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ಫೆಬ್ರವರಿ 29ರಂದು ತಳ್ಳಿಹಾಕಿದೆ. ಎದುರುದಾರರು ಹಳೆಯ ತೀರ್ಪನ್ನು ತೋರಿಸಿದರೆ ಇದನ್ನು ತೋರಿಸಿ.

ಎರಡನೆಯ ಮೇಲ್ಮನವಿ ಮತ್ತು ಬೇರೆ ಕಾಯಿದೆಗಳು

ಹೈಕೋರ್ಟಿನ ಎರಡನೆಯ ಮೇಲ್ಮನವಿಗೂ ಆದೇಶ 42ರ ಮೂಲಕ ಇದೇ ನಿಯಮ ಅನ್ವಯ. ಆದರೆ ಕಲಂ 100ರಡಿ ಗಣನೀಯ ಕಾನೂನು ಪ್ರಶ್ನೆಯನ್ನು ಮೊದಲು ರೂಪಿಸದೆ ಮಧ್ಯಂತರ ಆದೇಶ ಕೊಡಲಾಗದು. ರಾಘವೇಂದ್ರ ಸ್ವಾಮಿ ಮಠ ಮತ್ತು ಉತ್ತರಾದಿ ಮಠದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನೇ ಹೇಳಿತು. ಹಾಗಾಗಿ ಆರ್‌ಎಸ್‌ಎಯಲ್ಲಿ (ರೆಗ್ಯುಲರ್ ಸೆಕೆಂಡ್ ಅಪೀಲ್, ಅಂದರೆ ಎರಡನೆಯ ಮೇಲ್ಮನವಿ) ತಡೆಯ ವಾದ ಶುರುವಾಗುವುದೇ ಕಾನೂನು ಪ್ರಶ್ನೆಯಿಂದ.

ಮೋಟಾರು ಅಪಘಾತ ಪರಿಹಾರದ ತೀರ್ಪಿನಂತೆ ಹಣ ಕೊಡಬೇಕಾದವರು ಹೈಕೋರ್ಟಿಗೆ ಹೋದರೆ, ಮೋಟಾರು ವಾಹನ ಅಧಿನಿಯಮದ ಕಲಂ 173ರ ಪ್ರಕಾರ 25,000 ರೂಪಾಯಿ ಅಥವಾ ತೀರ್ಪಿನ ಮೊತ್ತದ ಅರ್ಧ, ಇವೆರಡರಲ್ಲಿ ಕಡಿಮೆಯಾದದ್ದನ್ನು ಠೇವಣಿ ಇಡದೆ ಮೇಲ್ಮನವಿಯೇ ನಡೆಯದು. ತಡೆಯ ಷರತ್ತು ಇದಕ್ಕಿಂತ ಬೇರೆ. ಮಧ್ಯಸ್ಥಿಕೆ ಐತೀರ್ಪಾದರೆ (ಕೋರ್ಟಿನ ಹೊರಗೆ ಮಧ್ಯಸ್ಥಗಾರರು ಕೊಟ್ಟ ತೀರ್ಪು), ಅದನ್ನು ರದ್ದುಪಡಿಸಲು ಮಧ್ಯಸ್ಥಿಕೆ ಅಧಿನಿಯಮದ ಕಲಂ 34ರ ಅರ್ಜಿ ಹಾಕಿದ ಕೋರ್ಟಿನಲ್ಲೇ ಕಲಂ 36ರಡಿ ಪ್ರತ್ಯೇಕ ಅರ್ಜಿ ಹಾಕಿ ತಡೆ ಕೇಳಬೇಕು. ಕ್ರಿಮಿನಲ್ ಶಿಕ್ಷೆಯ ದಾರಿ ಪೂರ್ತಿ ಬೇರೆ: ಶಿಕ್ಷೆಯ ಅಮಾನತನ್ನು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 430ರಡಿ ಮೇಲ್ಮನವಿ ಕೋರ್ಟಿನಲ್ಲಿ ಕೇಳಬೇಕು. ಜಾಮೀನಿನ ಮೇಲಿದ್ದವರಿಗೆ ಮೂರು ವರ್ಷ ಮೀರದ ಶಿಕ್ಷೆಯಾಗಿದ್ದರೆ, ಮೇಲ್ಮನವಿ ಹಾಕುವಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟೇ ಜಾಮೀನು ಕೊಡಬಹುದು.

ಮೇಲ್ಮನವಿ ವಜಾ ಆದ ದಿನ

ಮೇಲ್ಮನವಿ ಮುಗಿದ ಕ್ಷಣ ಅದರಲ್ಲಿದ್ದ ತಡೆಯೂ ಮುಗಿಯುತ್ತದೆ. ಎರಡನೆಯ ಮೇಲ್ಮನವಿಗೋ ಸುಪ್ರೀಂ ಕೋರ್ಟಿಗೋ ಹೋಗುವ ಯೋಚನೆ ಇದ್ದರೆ, ತೀರ್ಪು ಓದಿ ಮುಗಿದ ಕೂಡಲೇ ವಕೀಲರು ಎದ್ದು ನಿಂತು, ಇದ್ದ ತಡೆಯನ್ನೇ ನಾಲ್ಕೋ ಆರೋ ವಾರ ಮುಂದುವರಿಸಲು ಮೌಖಿಕವಾಗಿ ಕೇಳಬೇಕು. ಅಂದು ಆಗದಿದ್ದರೆ ಮರುದಿನ ಅರ್ಜಿಯ ಮೂಲಕ. ಠೇವಣಿ ಇಟ್ಟು ಷರತ್ತು ಪಾಲಿಸಿದ ದಾಖಲೆ ಕೈಯಲ್ಲಿರಲಿ. ಈ ವಾರಗಳ ಅವಕಾಶವನ್ನು ಮೊದಲು ಕೇಳಬೇಕಾದದ್ದು ಮೇಲ್ಮನವಿ ವಜಾ ಮಾಡಿದ ಕೋರ್ಟಿನಲ್ಲಿ.